ನಡುಗಡ್ಡೆಯ ಯೋಜನೆಯೂ ಮುಂಡಗೋಡದವನೂ

ಜೊತೆಗೆ ಕೆಲಸ ಮಾಡುವವನು ಕೆಟ್ಟವನಾಗಿದ್ದರೆ ಚಿಂತೆಯಿಲ್ಲ. ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆ ಅವನನ್ನು ಬೈದು ಹಗುರಾಗಬಹುದು. ನನ್ನ ಪಾಲಿಗೆ ಬಂದವನು ಒಳ್ಳೆಯವನು. ಅದಕ್ಕೇ ನನಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ.

ನಾನು ದಾಂಡೇಲಿಯಲ್ಲಿ ಕಾಡಿಗೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ನಕಾಶೆ ಬರೆಯುವವನು. ಅವನು ಫಾರೆಸ್ಟರ್. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದೆವು. ಹಾಜರಿ ಪುಸ್ತಕದಲ್ಲಿ ಒಂದೇ ಪೆನ್ನಿನಿಂದ ಸಹಿ ಮಾಡಿದೆವು. ಪೆನ್ನು ನನ್ನದು, ಮೊದಲ ಸಹಿ ಅವನದು. ನನ್ನದು ಹಳಿಯಾಳದ ಕಡೆಯ ಊರು, ಅವನದು ಮುಂಡಗೋಡ. ಕಚೇರಿಯಲ್ಲಿ ಎಲ್ಲರೂ ಅವನನ್ನು "ಮುಂಡಗೋಡದವರು" ಅಂತ ಬಾಯಿ ತುಂಬ ಕರೆಯುತ್ತಾರೆ. ನನ್ನನ್ನು "ಏ ನಕಾಶಿ" ಅನ್ನುತ್ತಾರೆ. ನನಗೂ ಒಂದು ಊರಿದೆ ಅನ್ನುವುದು ಯಾರಿಗೂ ಹೊಳೆದಿಲ್ಲ.

ನಾವಿಬ್ಬರೂ ಸೇರಿ ಒಂದು ನಡುಗಡ್ಡೆಗೆ ಯೋಜನೆ ಮಾಡಿದ ಮೂರು ವರ್ಷಗಳಲ್ಲಿ ನನ್ನ ಹೊಟ್ಟೆ ಎಷ್ಟು ಸಲ ಉರಿಯಿತು ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

೧. ಹತ್ತೊಂಬತ್ತನೆಯ ವರ್ಷ

ಜೋಯಿಡಾ ಕಡೆಯ ಹಿನ್ನೀರಿನ ನಡುವೆ ಆ ನಡುಗಡ್ಡೆ ಇದೆ. ದಂಡೆಯಿಂದ ದೋಣಿಯಲ್ಲಿ ಒಂದು ತಾಸು. ಅಲ್ಲಿ ಫೋನು ಹತ್ತುವುದಿಲ್ಲ, ಚಹಾ ಸಿಗುವುದಿಲ್ಲ, ಮನುಷ್ಯರಿಲ್ಲ. ಮರಗಳ ಮೇಲೆ ಕೊಕ್ಕರೆ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಕೆಳಗೆ ಬಂಡೆಗಳ ಸಂದಿಯಲ್ಲಿ ನೀರುನಾಯಿಗಳು ಮರಿ ಹಾಕುತ್ತವೆ. ಒಬ್ಬ ರೆಸಾರ್ಟಿನ ಮಾಲೀಕ ಅಲ್ಲಿ ಪ್ರವಾಸಿಗರನ್ನು ಇಳಿಸಿ, ಊಟ ಹಾಕಿ, ಸ್ಪೀಕರ್ ಹಚ್ಚಿ ಕುಣಿಸಬೇಕು ಅಂತ ಅರ್ಜಿ ಕೊಟ್ಟಿದ್ದ. ಅದನ್ನು ತಡೆಯಬೇಕಾದರೆ ನಡುಗಡ್ಡೆಗೆ ಇಪ್ಪತ್ತು ವರ್ಷದ ಸಂರಕ್ಷಣಾ ಯೋಜನೆ ಬರೆಯಬೇಕು, ಒಂದು ಸಮಿತಿ ಬಂದು ನೋಡಿ ಒಪ್ಪಬೇಕು ಅಂತ ಮೇಲಿನಿಂದ ಕಾಗದ ಬಂತು.

ಸಾಹೇಬರು ನಮ್ಮಿಬ್ಬರನ್ನೂ ಒಳಗೆ ಕರೆದರು.

"ನಕಾಶಿ ನೀವು ಬರೀರಿ. ಬರವಣಿಗಿ ಮುಂಡಗೋಡದವರು ಮಾಡ್ಲಿ. ಯಾವ ವರ್ಷ ಏನು ಮಾಡಬೇಕು ಅನ್ನೂದು ವರ್ಷಕ್ಕೊಂದು ಪುಟ ಇರಬೇಕು. ಹತ್ತೊಂಬತ್ತನೇ ವರ್ಷದ್ದೂ ಈಗ ಬರೀಬೇಕು."

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. "ಸರ್, ಹತ್ತೊಂಬತ್ತನೇ ವರ್ಷ ನಾವಿಬ್ಬರೂ ರಿಟೈರ್ ಆಗಿರ್ತೇವ್ರಿ. ನೀವು ಯಾವ ಜಿಲ್ಲಾದಾಗ ಇರ್ತೀರೋ ಏನೋ. ಆವಾಗ ಇದನ್ನ ಓದೋರು ಯಾರ್ರಿ?"

ಸಾಹೇಬರ ಮುಖ ಸಪ್ಪಗಾಯಿತು. ಆಗ ಮುಂಡಗೋಡದವನು ಮೆಲ್ಲಗೆ ಅಂದ, "ನಾವು ಇರಲಿಕ್ಕಿಲ್ರಿ ಸರ್. ನೀರುನಾಯಿ ಇರಬೇಕಲ್ರಿ, ಅದಕ್ಕ ಬರಿಯೂದು."

ಸಾಹೇಬರು ಎದ್ದು ಬಂದು ಅವನ ಕೈ ಕುಲುಕಿದರು. ಈ ಮಾತು ಯೋಜನೆಯ ಮೊದಲ ಪುಟದಲ್ಲೇ ಬರಬೇಕು ಅಂದರು. ಪ್ರಶ್ನೆ ಕೇಳಿದವನು ನಾನು. ನಾನು ಕೇಳದಿದ್ದರೆ ಅವನ ಬಾಯಿಂದ ಆ ಉತ್ತರ ಎಲ್ಲಿಂದ ಬರುತ್ತಿತ್ತು? ಇದನ್ನು ಸಾಹೇಬರಿಗೆ ಹೇಗೆ ಹೇಳುವುದು?

ಬಂಗೂರನಗರದ ಬಾಡಿಗೆ ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಇಪ್ಪತ್ತು ವರ್ಷದ ಯೋಜನಾ ಮಾಡಾಕತ್ತೇನಿ. ಹತ್ತೊಂಬತ್ತನೇ ವರ್ಷ ಏನಾಗಬೇಕು ಅನ್ನೂದೂ ಈಗ ಗೊತ್ತಿರಬೇಕು."

ಅವಳು ಅಡುಗೆ ಮನೆಯಿಂದಲೇ ಅಂದಳು, "ಹೌದೇನ್ರಿ? ಇಲ್ಲಿ ನಳ ಮೂರು ತಿಂಗಳಿಂದ ಸೋರಾಕತ್ತೈತಿ. ಅದು ಎಷ್ಟನೇ ವರ್ಷಕ್ಕ ಬರತೈತಿ, ನೋಡಿ ಹೇಳ್ರಿ."

೨. ಹಾಜರಿರದ ನಾನು

ನಡುಗಡ್ಡೆಯಲ್ಲಿ ನೀರುನಾಯಿ ಇವೆ ಅಂತ ಬರೆದರೆ ಸಾಲದು. ಯಾರಾದರೂ ಕಣ್ಣಾರೆ ನೋಡಿ, ಎಲ್ಲಿ ನೋಡಿದ್ದು, ಎಷ್ಟು ನೋಡಿದ್ದು ಅಂತ ನಕಾಶೆಯಲ್ಲಿ ಗುರುತು ಹಾಕಬೇಕು. ಆ ಕೆಲಸ ನನ್ನದಾಯಿತು.

ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದವನು ಜೋಯಿಡಾ ಕಡೆಯ ಒಬ್ಬ ಮುದುಕ ಅಂಬಿಗ. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ, ದೋಣಿಯ ಜೊತೆ ಬರೀ ಬೈಗುಳ. ಒಂದು ಚಳಿಗಾಲ ಪೂರ್ತಿ ವಾರಕ್ಕೆರಡು ದಿನ ಅವನ ದೋಣಿಯಲ್ಲಿ ಹೋದೆ. ನನಗೆ ಈಜು ಬರುವುದಿಲ್ಲ. ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂರುತ್ತಿದ್ದೆ. ನಡುಗಡ್ಡೆಯಲ್ಲಿ ಬಂಡೆಯ ಹಿಂದೆ ಕೆಮ್ಮದೆ, ಸೀನದೆ, ಸೊಳ್ಳೆಯನ್ನೂ ಹೊಡೆಯದೆ ಕಾಯುತ್ತಿದ್ದೆ. ಬಂಡೆಯ ಮೇಲೆ ಮೀನಿನ ಮುಳ್ಳು ತುಂಬಿದ ಹಿಕ್ಕೆ ಕಂಡಿತು. ಕೆಸರಿನಲ್ಲಿ ಹೆಜ್ಜೆ ಕಂಡಿತು. ನೀರುನಾಯಿ ಮಾತ್ರ ಕಾಣಲಿಲ್ಲ.

ಒಂದು ದಿನ ಮುಂಡಗೋಡದವನು "ನಾನೂ ಒಮ್ಮೆ ಬರ್ತೇನಿ ದೋಸ್ತ" ಅಂತ ಬಂದ. ತಲೆಗೆ ತಮ್ಮೂರಿನ ಟಿಬೆಟಿಯನ್ ಕಾಲೋನಿಯಲ್ಲಿ ಕೊಂಡ ಕೆಂಪು ಉಣ್ಣೆ ಟೋಪಿ. ಅಂಥದ್ದೇ ಇನ್ನೊಂದನ್ನು ಅಂಬಿಗನಿಗೂ ತಂದಿದ್ದ. ದಾರಿಯುದ್ದಕ್ಕೂ ಇಬ್ಬರೂ ದೊಡ್ಡ ದನಿಯಲ್ಲಿ ಹರಟಿದರು. ನಡುಗಡ್ಡೆಯಲ್ಲಿ ಇಳಿದ ಕೂಡಲೇ ಬುತ್ತಿ ಬಿಚ್ಚಿ ರೊಟ್ಟಿ ತಿಂದರು. ಈ ಗದ್ದಲದಲ್ಲಿ ಇನ್ನು ಯಾವ ಪ್ರಾಣಿಯೂ ಬರುವುದಿಲ್ಲ ಅಂದುಕೊಂಡು ನಾನು ಎದ್ದು ಪೊದೆಯ ಹಿಂದೆ ಹೋದೆ. ಹೆಚ್ಚೆಂದರೆ ಎರಡು ನಿಮಿಷ.

ಅವನು ಕೈ ತೊಳೆಯಲು ನೀರಿಗೆ ಬಗ್ಗಿದನಂತೆ. ಎದುರಿಗೆ ಒಂದು ತಲೆ ಎದ್ದಿತಂತೆ. ಅದರ ಪಕ್ಕದಲ್ಲಿ ಇನ್ನೊಂದು. ಹಿಂದೆ ಎರಡು ಮರಿ. ನಾಲ್ಕೂ ಕತ್ತು ಎತ್ತಿ ಅವನನ್ನೇ ನೋಡಿದವಂತೆ. ಅವನು ಮೊಬೈಲು ತಿರುಗಿಸಿ ಹಿಡಿದು, ತಾನೂ ಬರುವ ಹಾಗೆ ಫೋಟೋ ತೆಗೆದ. ಒಂದು ವಾರಕ್ಕೆ ಅದು ಪೇಪರಿನಲ್ಲಿ ಬಂತು, ಅವನ ಟೋಪಿಯ ಸಮೇತ.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಅವನು ಪ್ರಾಮಾಣಿಕ. ದಿನಚರಿಯಲ್ಲಿ "ಆ ಹೊತ್ತಿಗೆ ನಕಾಶೆಯವರು ಪೊದೆಯ ಹಿಂದೆ ಇದ್ದರು" ಅಂತಲೂ ಬರೆದ. ಟೈಪಿಸ್ಟು ಅದನ್ನೂ ಯೋಜನೆಯ ಕರಡಿನಲ್ಲಿ ಹಾಕಿದಳು. ಅದನ್ನು ತೆಗೆಸಲು ನಾನು ಸಾಹೇಬರಿಗೆ ಲಿಖಿತ ಅರ್ಜಿ ಕೊಡಬೇಕಾಯಿತು.

ವಾಪಸ್ಸು ಬರುವಾಗ ಅಂಬಿಗ ನನ್ನನ್ನು ಸಮಾಧಾನ ಮಾಡಿದ. "ಬ್ಯಾಸರ ಮಾಡಬ್ಯಾಡ್ರಿ ಸಾಹೇಬ್ರ. ನೀವು ನೀರುನಾಯಿ ನೋಡಿಲ್ಲ ಅಷ್ಟ. ಅವು ನಿಮ್ಮನ್ನ ದಿನಾ ನೋಡ್ಯಾವು. ಸಾಕಾಗಿರಬೇಕು."

೩. ಕಾಕಾ ಕೇಳಿದ್ದು

ಅದೇ ತಿಂಗಳು ಹಳಿಯಾಳದ ಹತ್ತಿರ ನಮ್ಮ ಕಡೆಯ ಒಂದು ಲಗ್ನ. ಊಟದ ಪಂಕ್ತಿಯಲ್ಲಿ ಕಾಕಾ ನನ್ನ ಪಕ್ಕ ಕೂತಿದ್ದ. ಹೊಲ, ಎತ್ತು, ಕಬ್ಬು ಬಿಟ್ಟರೆ ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲ ಅಂತ ನಂಬಿದವನು.

"ಈಗ ಏನು ಮಾಡಾಕತ್ತೀಯೋ?"

"ಒಂದು ನಡುಗಡ್ಡಿಗೆ ಯೋಜನಾ ಮಾಡಾಕತ್ತೇನಿ ಕಾಕಾ. ಭಾಳ ದೊಡ್ಡ ಕೆಲಸ."

"ಅಲ್ಲಿ ಯಾರದಾರ?"

"ಯಾರೂ ಇಲ್ಲ."

"ಮತ್ತ ಯೋಜನಾ ಯಾರಿಗೆ?"

"ಇಪ್ಪತ್ತು ವರ್ಷ ಅಲ್ಲಿ ಯಾರೂ ಕಾಲಿಡದಂಗ ನೋಡಿಕೊಳ್ಳೂದು."

ಕಾಕಾ ತುತ್ತು ಬಿಟ್ಟು ನನ್ನ ಮುಖ ನೋಡಿದ. "ಅದಕ್ಕ ಯೋಜನಾ ಯಾಕ ಬೇಕೋ? ನೀನ ಅಲ್ಲಿ ಹೋಗಿ ಕುಂತು ಈ ಸುದ್ದಿ ಹೇಳು. ಒಬ್ಬನೂ ಹಾಯೂದಿಲ್ಲ."

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಕಾಕಾ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು ಕೇಳಿದ. "ಅದಿರಲಿ. ಪೇಪರಿನ್ಯಾಗ ಕೆಂಪು ಟೊಪಗಿ ಹಾಕ್ಕೊಂಡು ಒಬ್ಬವ ಬಂದಿದ್ದ, ನೀರುನಾಯಿ ಮುಂದ. ಭಾರಿ ಮನಶ್ಯಾ. ನಿಮ್ಮ ದಾಂಡೇಲಿಯವನ ಅಂತ. ನಿನಗೇನರ ಅವನ ಪರಿಚಯ ಐತೇನು?"

ನಾನು ಇಲ್ಲ ಅಂದೆ.

೪. ಹೋತ

ಎರಡನೆಯ ವರ್ಷ ನಡುಗಡ್ಡೆಯಲ್ಲಿ ಒಂದು ಹೋತ ಬಂದು ಸೇರಿತ್ತು. ಯಾರೋ ಮೇಯಲು ಬಿಟ್ಟಿದ್ದರು. ಕಪ್ಪು ಮೈ, ಬಿಳಿ ಗಡ್ಡ, ಮುಖದಲ್ಲಿ ಹೆಡ್‌ಮಾಸ್ತರರ ಗತ್ತು. ನಾವು ಗೂಡಿನ ಮರಗಳ ಕೆಳಗೆ ಬೆಳೆಸಬೇಕೆಂದು ಹಚ್ಚಿದ್ದ ಸಸಿಗಳನ್ನೆಲ್ಲ ತಿಂದಿತ್ತು. ಸಸಿಗೆ ಕಟ್ಟಿದ ನಂಬರಿನ ಚೀಟಿಯನ್ನೂ ಬಿಟ್ಟಿರಲಿಲ್ಲ. ಒಂದು ಹೋತ ಇದ್ದರೆ ಇಪ್ಪತ್ತು ವರ್ಷದ ಯೋಜನೆ ಇಪ್ಪತ್ತು ದಿನವೂ ಬಾಳುವುದಿಲ್ಲ. ಅದನ್ನು ದಂಡೆಗೆ ಸಾಗಿಸಲೇಬೇಕಿತ್ತು.

ಈ ಸಲ ನಾನೇ ಮುಂದಾದೆ. ನೀರುನಾಯಿ ಅವನದಾಯಿತು, ಹೋತವಾದರೂ ನನ್ನದಾಗಲಿ ಅಂತ. ಮೂರು ದಿನ ಹಗ್ಗ, ಉಪ್ಪು, ಹಲಸಿನ ಎಲೆ ಹಿಡಿದು ಅದರ ಹಿಂದೆ ಓಡಿದೆ. ಉಪ್ಪು ನೆಕ್ಕಿತು, ಎಲೆ ತಿಂದಿತು, ಹಗ್ಗ ನೋಡಿದ ಕೂಡಲೇ ಬಂಡೆ ಹತ್ತಿ ನಿಂತು ನನ್ನ ಕಡೆ ಬೆನ್ನು ತಿರುಗಿಸಿತು. ಮೂರನೆಯ ದಿನ ಜಾರಿ ಬಿದ್ದು ಮೊಣಕಾಲು ತರಚಿಕೊಂಡೆ.

ನಾಲ್ಕನೆಯ ದಿನ ಮುಂಡಗೋಡದವನೂ ಬಂದ. ದೋಣಿಯಿಂದ ಇಳಿಯಲೂ ಇಲ್ಲ. ಅಂಚಿನಲ್ಲಿ ಕೂತು "ಬಾರಪ್ಪಾ, ಹೋಗೂಣು" ಅಂದ. ಹೋತ ಬಂಡೆಯಿಂದ ಇಳಿಯಿತು. ಗಡ್ಡ ಅಲ್ಲಾಡಿಸುತ್ತ ಬಂತು. ತಾನಾಗಿ ಹಾರಿ ದೋಣಿಯಲ್ಲಿ ಅವನ ಪಕ್ಕ ನಿಂತಿತು.

"ಏನು ಮಾಡಿದಿಯಲೇ?" ಅಂತ ಕೇಳಿದೆ.

"ಏನಿಲ್ಲೋ. ಅದಕ್ಕೂ ಮನಿಗೆ ಹೋಗಬೇಕಾಗಿತ್ತು. ಯಾರೂ ಕರದಿರಲಿಲ್ಲ ಅಷ್ಟ."

ಅಂಬಿಗ ಭಕ್ತಿಯಿಂದ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ನಾನು ಮುಖ ಊದಿಸಿಕೊಂಡು ನೀರಿನ ಕಡೆ ತಿರುಗಿ ಕೂತೆ. ಹಿಂದೆ ನನ್ನ ಚೀಲದಲ್ಲಿ ಆ ತಿಂಗಳು ಪೂರ್ತಿ ಕೂತು ಬರೆದ ನಕಾಶೆಯ ಸುರುಳಿ ಇತ್ತು. ದಂಡೆ ಮುಟ್ಟುವ ಹೊತ್ತಿಗೆ ಚರಪರ ಸದ್ದು ಕೇಳಿ ತಿರುಗಿದರೆ ಹೋತ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

ಕಚೇರಿಯಲ್ಲಿ ಸಾಹೇಬರು ನಕಾಶೆ ಬಿಚ್ಚಿ ಟೇಬಲ್ಲಿನ ಮೇಲೆ ಹರಡಿ, ಗೂಡುಗಳು, ಬಂಡೆಗಳು, ದಂಡೆಯ ಗೆರೆ, ಎಲ್ಲ ಪರೀಕ್ಷೆ ಮಾಡಿದರು. "ದೇವರು ದೊಡ್ಡಾವ" ಅಂತ ನಿಟ್ಟುಸಿರು ಬಿಟ್ಟರು. "ಯೋಜನಾಕ್ಕ ಏನೂ ಧಕ್ಕಿ ಇಲ್ಲ. ಮೂಲ್ಯಾಗ 'ಬರೆದವರು' ಅಂತ ನಿಮ್ಮ ಹೆಸರಿತ್ತಲ್ಲ, ಅಷ್ಟ ತಿಂದೈತಿ."

೫. ಐದು ನಿಮಿಷದ ಯೋಜನೆ

ನನ್ನ ಹೆಂಡತಿಗೆ ಅವನ ಬಗ್ಗೆ ನನ್ನ ಬಾಯಿಂದ ಕೇಳಿ ಕೇಳಿ ಕುತೂಹಲ ಬಂದಿತ್ತು. ಒಮ್ಮೆ ಊಟಕ್ಕೆ ಕರೆಯಿರಿ ಅಂದಳು. ನಾನೂ ಆಗಲಿ ಅಂದೆ. ನಡುಗಡ್ಡೆಯಲ್ಲಿ ಅವನ ಆಟ ನಡೆಯಬಹುದು. ನಾಲ್ಕು ಗೋಡೆಯ ಒಳಗೆ ಕೂರಿಸಿದರೆ ಅವನೂ ನಮ್ಮಂಥವನೇ ಅಂತ ಅವಳಿಗೆ ಗೊತ್ತಾಗುತ್ತದೆ ಅನ್ನುವುದು ನನ್ನ ಲೆಕ್ಕ.

ಬಂದ. ಚಪ್ಪಲಿಯನ್ನು ಸಾಲಾಗಿ ಬಿಟ್ಟ. "ವೈನಿ, ಇದು ನಾನ ಕುಟ್ಟಿದ್ದು" ಅಂತ ಒಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಟ. ಅವಳು ಬೆರಳಿಗೆ ಹಚ್ಚಿ ಬಾಯಿಗಿಟ್ಟು ಕಣ್ಣು ಅಗಲಿಸಿದಳು. "ಏನೇನು ಹಾಕ್ತೀರಿ ಇದಕ್ಕ?" ಅಂತ ಕೇಳಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು. ಹದಿನಾರು ವರ್ಷದ ಸಂಸಾರದಲ್ಲಿ ನಾನು ಹೇಳಿದ ಒಂದು ಮಾತನ್ನೂ ಅವಳು ಬರೆದುಕೊಂಡಿಲ್ಲ.

ಊಟವಾದ ಮೇಲೆ ಕೈ ತೊಳೆಯಲು ಅಡುಗೆ ಮನೆಗೆ ಹೋದವನು ತಿರುಗಿ ಬರಲಿಲ್ಲ. ಹೋಗಿ ನೋಡಿದರೆ ತೋಳು ಮಡಚಿಕೊಂಡು ನಳ ಬಿಚ್ಚುತ್ತಿದ್ದಾನೆ. "ಒಂದು ಹಳೇ ದಾರ ಕೊಡ್ರಿ ವೈನಿ" ಅಂದ. ಅವಳು ದಾರ ಕೊಟ್ಟಳು. ಸುತ್ತಿದ, ತಿರುವಿದ, ಬಿಗಿ ಮಾಡಿದ. ನಳ ನಿಂತಿತು. ಅಷ್ಟು ತಿಂಗಳ ಟಪ್ ಟಪ್ ಸದ್ದು ಒಮ್ಮೆಲೇ ನಿಂತದ್ದಕ್ಕೆ ಮನೆಯೆಲ್ಲ ಸೂತಕದ ಮನೆಯ ಹಾಗೆ ಅನ್ನಿಸಿತು ನನಗೆ.

ಅವನು ಹೋದ ಮೇಲೆ ಹೆಂಡತಿ ನಳವನ್ನು ಸೆರಗಿನಿಂದ ಒರೆಸುತ್ತ ನಿಂತಿದ್ದಳು.

"ಅಂವಾ ಭಾಳ ಛಲೋ ಮನಶ್ಯಾ ಬಿಡ್ರಿ."

"ನಾನೂ ಮಾಡಾಂವ ಇದ್ದೆ" ಅಂದೆ.

"ಗೊತ್ತೈತಿ. ನಿಮ್ಮದು ಇಪ್ಪತ್ತು ವರ್ಷದ ಯೋಜನಾ, ಅವರದು ಐದು ಮಿನಿಟಿಂದು."

೬. ಎತ್ತಿನ ಹೆಸರು

ಯೋಜನೆಯಲ್ಲಿ ನಡುಗಡ್ಡೆಗೆ ಹೆಸರಿರಲಿಲ್ಲ. ಹಳೆಯ ಕಾಗದಗಳಲ್ಲಿ ಬರೀ "ನಡುಗಡ್ಡೆ" ಅಂತ ಇತ್ತು. ಹೊಸ ಜಾಗಕ್ಕೆ ನಕಾಶೆ ಬರೆದವನ ಹೆಸರು ಇಡುವುದುಂಟು ಅಂತ ನಾನು ಎಲ್ಲೋ ಕೇಳಿದ್ದೆ. ಯಾರಿಗೂ ಹೇಳಿರಲಿಲ್ಲ. ನಕಾಶೆಯಲ್ಲಿ ನಡುಗಡ್ಡೆಯ ಮೇಲೆ ನನ್ನ ಹೆಸರು ಹಿಡಿಯುವಷ್ಟು ಜಾಗ ಮಾತ್ರ ಖಾಲಿ ಬಿಟ್ಟಿದ್ದೆ.

ಯೋಜನೆ ಮುಗಿಯುವ ಮೊದಲು ದಂಡೆಯ ಊರುಗಳ ಜನರನ್ನು ಕೇಳಬೇಕು ಅಂತ ನಿಯಮ. ಜೋಯಿಡಾ ಹತ್ತಿರ ಒಂದು ಶಾಲೆಯಲ್ಲಿ ಸಭೆ ಕರೆದೆವು. ಸಾಹೇಬರೂ ಬಂದರು. ನಾನು ನಕಾಶೆಯನ್ನು ಕರಿಹಲಗೆಗೆ ಅಂಟಿಸಿ, ಕೋಲು ಹಿಡಿದು, "ಸದರಿ ನಡುಗಡ್ಡೆಯ ಜೀವವೈವಿಧ್ಯ" ಅಂತ ಶುರು ಮಾಡಿದೆ. ಮುಂದಿನ ಸಾಲಿನವರು ಆಕಳಿಸಿದರು. ಹಿಂದಿನ ಸಾಲಿನವರು ಎದ್ದು ಹೋಗಿ ಬೀಡಿ ಹಚ್ಚಿದರು.

ಆಗ ಒಬ್ಬ ಅಜ್ಜಿ ಎದ್ದಳು. ತುರುಬಿಗೆ ಅಬ್ಬಲಿಗೆ ಮುಡಿದಿದ್ದಳು. "ಅದು ನಡುಗಡ್ಡಿ ಅಲ್ಲ ಮಗಾ. ಅದು ನಮ್ಮ ಗುಡ್ಡ. ಡ್ಯಾಮಿನ ನೀರು ಬರೂಕಿಂತ ಮೊದಲು ನಾ ಅಲ್ಲಿ ದನಾ ಮೇಸೀನಿ."

ಮುಂಡಗೋಡದವನು ಎದ್ದು ಹೋಗಿ ಅವಳ ಎದುರು ನೆಲದ ಮೇಲೆ ಕೂತ. "ಹೇಳಬೇ ಆಯಿ, ಎಲ್ಲೆಲ್ಲಿ ಏನೇನಿತ್ತು?" ಅಂತ ಕೇಳಿದ. ಅವಳು ಹೇಳುತ್ತ ಹೋದಳು. ಎಲ್ಲಿ ಒರತೆ ಇತ್ತು, ಯಾವ ಮರದ ಕೆಳಗೆ ಮಳೆಗೆ ನಿಲ್ಲುತ್ತಿದ್ದರು, ತುದಿಯಲ್ಲಿ ಯಾವ ಕಲ್ಲಿಗೆ ದೀಪ ಹಚ್ಚುತ್ತಿದ್ದರು. ಬೀಡಿ ಸೇದಲು ಹೋದವರೆಲ್ಲ ಒಳಗೆ ಬಂದರು. ಮೀನು ಹಿಡಿಯುವವರು ಬಾಯಿ ಬಿಟ್ಟರು. ಮರಿ ಮಾಡುವ ತಿಂಗಳುಗಳಲ್ಲಿ ನಾವೂ ಆ ಕಡೆ ಹಾಯುವುದಿಲ್ಲ, ಉಳಿದ ದಿನ ಬಲೆ ಒಣಗಿಸಲು ಒಂದು ಮೂಲೆ ಬಿಡಿ ಅಂದರು. ಅಜ್ಜಿ ವರ್ಷಕ್ಕೊಮ್ಮೆ ಆ ಕಲ್ಲಿಗೆ ದೀಪ ಹಚ್ಚಲು ಬಿಡಿ ಅಂದಳು. ಅವನು ಎಲ್ಲ ಬರೆದುಕೊಂಡ. ಮೂರು ವರ್ಷದಲ್ಲಿ ಆಗದ ಕೆಲಸ ಒಂದು ಮಧ್ಯಾಹ್ನಕ್ಕೆ ಆಯಿತು. ಎಲ್ಲರಿಗೂ ಕೋಕಂ ಪಾನಕ ಬಂತು. ಅವನಿಗೆ ಎರಡು ಸಲ ಬಂತು. ನನ್ನ ಹತ್ತಿರ ಬರುವಾಗ ತಂಬಿಗೆ ಖಾಲಿಯಾಗಿತ್ತು.

ಸಾಹೇಬರು ಕೇಳಿದರು, "ಆಯಿ, ಆ ಗುಡ್ಡಕ್ಕ ಹೆಸರಿತ್ತೇನು?"

"ಇಲ್ದ ಏನು? ನಮ್ಮ ಮಾವನ ಕುಂಟ ಎತ್ತು ಮ್ಯಾಲೆ ಹತ್ತಿತಂದ್ರ ಇಳೀತಿದ್ದಿಲ್ಲ. ದಿನಾ ಹೋಗಿ ಹೊಡಕೊಂಡು ಬರಬೇಕಾಗಿತ್ತು. ಎಲ್ಲಾರೂ ಕುಂಟೆತ್ತಿನ ಗುಡ್ಡ ಅಂತಿದ್ರು."

ಸಭೆ ಚಪ್ಪಾಳೆ ತಟ್ಟಿತು. ಸಾಹೇಬರು ನನ್ನ ಕಡೆ ತಿರುಗಿದರು. "ಬರೀರಿ, ಕುಂಟೆತ್ತಿನ ಗುಡ್ಡ. ಆಹಾ, ಹೇಳಿ ಮಾಡಿಸಿದಂಗ ಅಷ್ಟ ಜಾಗಾ ಬಿಟ್ಟೀರಿ ನೋಡ್ರಿ!"

ಬರೆದೆ. ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಂದೋ ಸತ್ತುಹೋದ ಕುಂಟ ಎತ್ತಿನ ಮೇಲೆ ಪಟ್ಟವನು ನಾನೊಬ್ಬನೇ ಇರಬೇಕು.

೭. ಸಮಿತಿ ಬಂದ ದಿನ

ಕೊನೆಗೆ ಸಮಿತಿ ಬರುವ ದಿನ ಗೊತ್ತಾಯಿತು. ಮುಖ್ಯಸ್ಥೆ ಧಾರವಾಡದ ಕಡೆಯ ಒಬ್ಬ ಪ್ರೊಫೆಸರ್ ಮೇಡಂ. ಜೀವಮಾನವೆಲ್ಲ ಮೀನು ಮತ್ತು ನೀರಿನ ಪ್ರಾಣಿಗಳನ್ನೇ ಓದಿದವರು. ಅವರ ಕಣ್ಣಿಗೆ ನೀರುನಾಯಿ ಬಿದ್ದರೆ ಯೋಜನೆ ಪಾಸು. ಬೀಳದಿದ್ದರೆ ರೆಸಾರ್ಟಿನವನ ಸ್ಪೀಕರ್ ಬಂದೇ ಬರುತ್ತದೆ ಅಂತ ಕಚೇರಿಯಲ್ಲಿ ಎಲ್ಲರಿಗೂ ಭಯವಿತ್ತು.

ನನಗೆ ಇನ್ನೊಂದು ಭಯವೂ ಇತ್ತು. ಆ ದಿನವೂ ಮುಂಡಗೋಡದವನು ಬಂದು ಕೈ ತೊಳೆಯುತ್ತಾನೆ, ನೀರುನಾಯಿ ಬರುತ್ತವೆ, ಮತ್ತೆ ಪೇಪರು, ಮತ್ತೆ ಟೋಪಿ. ಈ ಸಲ ನೀರುನಾಯಿಯನ್ನು ನಾನು ಬರಿಸಬೇಕು ಅಂತ ಹಟ ಹುಟ್ಟಿತು. ನೀರುನಾಯಿ ಮೀನು ತಿನ್ನುತ್ತದೆ. ಬಂಡೆಯ ಮೇಲೆ ಮೀನಿಟ್ಟರೆ ಬರಲೇಬೇಕು.

ನಾನು ಹುಟ್ಟಿದ್ದು ಲಿಂಗ ಕಟ್ಟಿಕೊಂಡ ಮನೆತನದಲ್ಲಿ. ಮೀನು ಮಾರ್ಕೆಟ್ಟಿನ ರಸ್ತೆಯಲ್ಲಿ ಹೋಗುವಾಗ ಉಸಿರು ಬಿಗಿ ಹಿಡಿಯುವವನು. ಹಿಂದಿನ ದಿನ ಸಂಜೆ ಹಣೆಯ ವಿಭೂತಿ ಒರೆಸಿಕೊಂಡು, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಒಳಗೆ ಹೋದೆ. ಬುಟ್ಟಿಯ ಮುಂದೆ ಕೂತ ಮೀನು ಮಾರುವ ಹೆಂಗಸು ಕೇಳಿದಳು.

"ಯಾವ ಮೀನು ಬೇಕಣ್ಣ?"

"ಮೀನು."

"ಎಲ್ಲಾ ಮೀನೇ ಅಲ್ವಾ? ಯಾವುದು ಕೊಡ್ಲಿ?"

"ಛಲೋದು ಕೊಡ್ರಿ. ಮನ್ಯಾಗಲ್ಲ, ನಾಳೆ ಬರೋರಿಗೆ."

"ಎಷ್ಟು ಜನ?"

"ನಾಲ್ಕು. ಅದರಾಗ ಎರಡು ಸಣ್ಣವು." ಆಮೇಲೆ ನೆನಪಾಗಿ ಅಂದೆ, "ಮುಂಜಾನಿತನಕ ಕೆಡಬಾರದು ನೋಡ್ರಿ."

"ಅದೆಲ್ಲಾ ನಂಗೆ ಬಿಡಿ" ಅಂತ ಅವಳು ಆ ಕಡೆ ತಿರುಗಿ ಏನೋ ಮಾಡಿ, ಬಾಳೆಲೆಯಲ್ಲಿ ಸುತ್ತಿ, ಮೇಲೆ ಪೇಪರು ಸುತ್ತಿ ಪೊಟ್ಟಣ ಕೊಟ್ಟಳು. ನಾನು ಕಣ್ಣು ಮುಚ್ಚಿ ಕೈ ಚಾಚಿದೆ. ತಿರುಗಿದರೆ ಎದುರು ಮನೆಯವರು ನಿಂತಿದ್ದಾರೆ. ನಮ್ಮವರೇ, ದಿನಾ ಪೂಜೆಗೆ ನಮ್ಮ ಅಂಗಳದ ಬಿಲ್ವಪತ್ರೆ ಕೊಯ್ಯುವವರು.

"ಆಫೀಸಿನ ಕೆಲಸಕ್ಕ ರೀ" ಅಂದೆ.

"ಹೂಂ. ನಾನೂ ಮನ್ಯಾಗ ಹಂಗ ಹೇಳಿ ಬಂದೇನಿ" ಅಂದರು.

ಪೊಟ್ಟಣವನ್ನು ಕಚೇರಿಯ ಹಿಂದಿನ ಶೆಡ್ಡಿನಲ್ಲಿ ತಂಪಾದ ಬಕೆಟ್ಟಿನಲ್ಲಿ ಇಟ್ಟೆ. ಬೆಳಗಾದ ಕೂಡಲೇ ಎಲ್ಲರಿಗಿಂತ ಮೊದಲು ದಂಡೆಗೆ ಹೋಗಿ ಅಂಬಿಗನನ್ನು ಹೊರಡಿಸಿದೆ. ಅವನು ಒಮ್ಮೆ ಗಾಳಿಯನ್ನು ಮೂಸಿದ, ಒಮ್ಮೆ ನನ್ನ ಚೀಲ ನೋಡಿದ, ಏನೂ ಕೇಳಲಿಲ್ಲ. ನಡುಗಡ್ಡೆಯಲ್ಲಿ ನೀರಿನಂಚಿನ ದೊಡ್ಡ ಬಂಡೆಯ ಮೇಲೆ ಪೊಟ್ಟಣ ಬಿಚ್ಚಿ, ಮೂಗು ಹಿಡಿದು, ಮುಖ ಆ ಕಡೆ ತಿರುಗಿಸಿ ಕೊಡವಿದೆ. ನೋಡುವ ಧೈರ್ಯವಾಗಲಿಲ್ಲ. ಕೈಯನ್ನು ಏಳು ಸಲ ತೊಳೆದು ದಂಡೆಗೆ ವಾಪಸ್ಸು ಬಂದು, ಏನೂ ಅರಿಯದವನ ಹಾಗೆ ಸಮಿತಿಯ ಜೊತೆ ಸೇರಿಕೊಂಡೆ.

ದೋಣಿಯಲ್ಲಿ ಮೇಡಂ, ಸಾಹೇಬರು, ರೆಸಾರ್ಟಿನವನು, ಮುಂಡಗೋಡದವನು, ನಾನು. ನಡುಗಡ್ಡೆ ಇನ್ನೂ ಕೂಗಳತೆಯ ದೂರದಲ್ಲಿತ್ತು. ಮೇಡಂ ಒಮ್ಮೆಲೇ ಕೈ ಎತ್ತಿದರು. ಅಂಬಿಗ ಹುಟ್ಟು ನಿಲ್ಲಿಸಿದ. ನೀರಿನ ಮೇಲೆ ಒಂದು ಗೆರೆ ಎದ್ದಿತು. ಆಮೇಲೆ ಒಂದು ತಲೆ, ಎರಡು, ಐದು. ದೊಡ್ಡವು ಎರಡು, ಮರಿ ಮೂರು. ಒಂದು ಮರಿ ತಾಯಿಯ ಬೆನ್ನು ಹತ್ತಲು ಹೋಗಿ ಜಾರಿ ನೀರಿಗೆ ಬಿತ್ತು, ಮತ್ತೆ ಹತ್ತಿತು, ಮತ್ತೆ ಬಿತ್ತು. ನಾನು ಮೊದಲ ಸಲ ನೋಡಿದೆ. ದೋಣಿಯ ಅಂಚು ಹಿಡಿಯುವುದನ್ನೂ ಮರೆತು ನೋಡಿದೆ. ನಿಜ ಹೇಳಬೇಕೆಂದರೆ ಆ ಎರಡು ನಿಮಿಷ ನನಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇನ್ನೇನು ನೋಡೂದೈತ್ರಿ? ಯೋಜನಾ ಪಾಸು. ಇಲ್ಲಿ ಪಿಕ್ನಿಕ್ಕು ಗಿಕ್ನಿಕ್ಕು ಏನೂ ಬ್ಯಾಡ" ಅಂದರು. ರೆಸಾರ್ಟಿನವನೂ ಮರಿಗಳನ್ನು ನೋಡುತ್ತ ಸುಮ್ಮನೆ ತಲೆ ಅಲ್ಲಾಡಿಸಿದ. ಸಾಹೇಬರು ನಮ್ಮಿಬ್ಬರ ಬೆನ್ನನ್ನೂ ಒಟ್ಟಿಗೆ ತಟ್ಟಿದರು. ಅಲ್ಲಿಂದಲೇ ದೋಣಿ ತಿರುಗಿಸಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

"ಬಂದದ್ದಂತೂ ಬಂದೇವಿ, ಅವು ಕೂಡೂ ಬಂಡಿಗಲ್ಲು ಒಂದು ನೋಡಿಬಿಡೂಣು" ಅಂದರು ಮೇಡಂ.

ಇಳಿದೆವು. ಬಂಡೆಯ ಮೇಲೆ ನಾಲ್ಕು ಮೀನು ಸಾಲಾಗಿ ಬಿದ್ದಿದ್ದವು. ಒಂದು ಪ್ರಾಣಿಯೂ ಮುಟ್ಟಿರಲಿಲ್ಲ. ಮೇಡಂ ಬಗ್ಗಿ ನೋಡಿದರು, ಕೂತು ನೋಡಿದರು, ಬಾಲ ಹಿಡಿದು ಎತ್ತಿ ಬಿಸಿಲಿಗೆ ಹಿಡಿದರು.

"ಇದು ಬಂಗಡಿ ಮೀನಲ್ರಿ?" ಅಂದರು. "ಸಮುದ್ರದ ಮೀನು. ಈ ಸಿಹಿ ನೀರಿನ ನಡುವ ಇದು ಹೆಂಗ ಬಂತು?"

ಮೀನಿನಲ್ಲಿ ಸಮುದ್ರದ್ದು ಬೇರೆ, ನದಿಯದ್ದು ಬೇರೆ ಅಂತ ಇರುತ್ತದೆ ಅಂತ ನನಗೆ ಆಗಲೇ ಗೊತ್ತಾದದ್ದು. ಸಾಹೇಬರು ಬಾಯಿ ತೆರೆದು ಮುಚ್ಚಿದರು. ಅಂಬಿಗ ಆಕಾಶ ನೋಡತೊಡಗಿದ. ಮುಂಡಗೋಡದವನು ಒಮ್ಮೆ ನನ್ನ ಮುಖ ನೋಡಿದ. ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿದುಹೋಯಿತು.

"ಮೇಡಂ," ಅಂದ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ, "ಹದ್ದು ತಂದು ಹಾಕಿರಬೇಕ್ರಿ. ಕಾರವಾರ ಕಡಿಯಿಂದ. ಹದ್ದು ಭಾಳ ದೂರ ಹಾರ್ತಾವ್ರಿ."

ಮೇಡಂ ತಲೆದೂಗಿದರು. ಅವರು ಮೀನನ್ನು ಮೂಗಿನ ಹತ್ತಿರ ತಂದರು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, ಬೆರಳನ್ನು ನಮ್ಮೆಲ್ಲರ ಮುಂದೆ ಹಿಡಿದರು. ಹಳದಿಯಾಗಿತ್ತು.

"ಕಾರವಾರದಿಂದ ಹದ್ದ ತಂದೈತಿ ಅಂತ ಒಪ್ಪೂಣ್ರಿ. ಉಪ್ಪು, ಅರಿಷಿಣ ಯಾರು ಹಚ್ಚ್ಯಾರ?"

ಮುಂಡಗೋಡದವನು ಜೇಬಿನಿಂದ ದಿನಚರಿ ತೆಗೆದು, ಪೆನ್ನಿನ ಟೊಪ್ಪಿಗೆ ಬಿಚ್ಚಿ, ಗಂಭೀರವಾಗಿ ಅಂದ, "ಈ ವಿಷಯದಾಗ ಹೆಚ್ಚಿನ ಅಧ್ಯಯನ ಆಗಬೇಕು ಅಂತ ಬರಕೊಳ್ತೇನ್ರಿ ಮೇಡಂ."

ಮೇಡಂ ಮೀನನ್ನು ಕೈಬಿಟ್ಟು ಬಂಡೆಯ ಮೇಲೇ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸಾಹೇಬರು ನಕ್ಕರು, ರೆಸಾರ್ಟಿನವನು ನಕ್ಕ, ಅಂಬಿಗನಂತೂ ದೋಣಿಯಲ್ಲಿ ಉರುಳಾಡಿದ. ನಾನು "ನಾನ ತಂದಿದ್ದು ರೀ ಮೇಡಂ, ತಪ್ಪಾತು" ಅಂತ ಎರಡು ಸಲ ಹೇಳಿದೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಮೇಡಂ ಉಸಿರು ಹಿಡಿದುಕೊಂಡು ಅವನ ಭುಜ ತಟ್ಟಿದರು. "ಇಷ್ಟು ವರ್ಷದಾಗ ಇಂಥಾ ಬುದ್ಧಿವಂತ ಫಾರೆಸ್ಟರನ್ನ ನಾ ನೋಡಿಲ್ಲ" ಅಂದರು.

ಮೀನು ತಂದವನು ನಾನು, ಮಾನ ಕಳೆದುಕೊಂಡವನು ನಾನು, ಏಳು ಸಲ ಕೈ ತೊಳೆದವನು ನಾನು. ಭುಜ ತಟ್ಟಿಸಿಕೊಂಡವನು ಅವನು!